ಓದಿದ ಹುಡುಗ, ಓದಿದ ಪುಸ್ತಕ: ಇಂಗ್ಲಿಷ್ ಪಾರ್ಟಿಸಿಪಲ್ ಕನ್ನಡಿಗರನ್ನು ಎಡವಿಸುವುದು ಎಲ್ಲಿ?

ಪ್ರಶ್ನೆ: ಪ್ರೆಸೆಂಟ್ ಪಾರ್ಟಿಸಿಪಲ್ ಎಂದರೆ ವರ್ತಮಾನಕಾಲ, ಪಾಸ್ಟ್ ಪಾರ್ಟಿಸಿಪಲ್ ಎಂದರೆ ಭೂತಕಾಲ ಎಂದುಕೊಂಡಿದ್ದೆ. ಆದರೆ 'ಶಿ ವಾಸ್ ಸಿಂಗಿಂಗ್' ಎಂಬ ಭೂತಕಾಲದ ವಾಕ್ಯದಲ್ಲಿ ಪ್ರೆಸೆಂಟ್ ಪಾರ್ಟಿಸಿಪಲ್ ಇದೆ. 'ದಿ ಲೆಟರ್ ವಿಲ್ ಬಿ ರಿಟನ್ ಟುಮಾರೋ' ಎಂಬ ನಾಳಿನ ಮಾತಿನಲ್ಲಿ ಪಾಸ್ಟ್ ಪಾರ್ಟಿಸಿಪಲ್ ಇದೆ. ನಾನು ಬರೆದ 'ಐ ಆ್ಯಮ್ ಬೋರಿಂಗ್', 'ದಿ ಸ್ಲೆಪ್ಟ್ ಚೈಲ್ಡ್' ಎರಡೂ ತಪ್ಪು ಎಂದರು, ಯಾಕೆಂದು ಹೇಳಲಿಲ್ಲ. ಈ ಎರಡು ಬಗೆಯ ಪಾರ್ಟಿಸಿಪಲ್ ನಡುವೆ ಗೆರೆ ಎಳೆಯುವುದು ಹೇಗೆ?

ಉತ್ತರ: ಪಾರ್ಟಿಸಿಪಲ್ ಎಂದರೆ ಕ್ರಿಯಾಪದದಿಂದ ಹುಟ್ಟಿ, ವಿಶೇಷಣದಂತೆಯೋ ಸಹಾಯಕ ಕ್ರಿಯಾಪದದ ಜೊತೆಗೋ ಬರುವ ರೂಪ. ಮೊದಲು ಆ ಹೆಸರುಗಳನ್ನು ನಂಬುವುದು ಬಿಡಿ. 'ಪ್ರೆಸೆಂಟ್', 'ಪಾಸ್ಟ್' ಎಂಬ ಪಟ್ಟಿಗಳನ್ನು ಇಂಗ್ಲಿಷಿಗೆ ಅಂಟಿಸಿದ್ದು ಲ್ಯಾಟಿನ್ ವ್ಯಾಕರಣದ ಮಾದರಿಯಲ್ಲಿ. ಇಂಗ್ಲಿಷಿನಲ್ಲಿ ಪಾರ್ಟಿಸಿಪಲ್‌ಗೆ ತನ್ನದೇ ಆದ ಕಾಲ ಇಲ್ಲ. ಕಾಲವನ್ನು ಹೇಳುವ ಕೆಲಸ ಅದರ ಜೊತೆಗಿರುವ ಸಹಾಯಕ ಕ್ರಿಯಾಪದದ್ದು. 'ಈಸ್ ಸಿಂಗಿಂಗ್', 'ವಾಸ್ ಸಿಂಗಿಂಗ್', 'ವಿಲ್ ಬಿ ಸಿಂಗಿಂಗ್' ಈ ಮೂರರಲ್ಲೂ 'ಸಿಂಗಿಂಗ್' ಒಂದಿಷ್ಟೂ ಬದಲಾಗಿಲ್ಲ. ಇವತ್ತು, ನಿನ್ನೆ, ನಾಳೆ ಎಂದು ಹೇಳಿದ್ದು 'ಈಸ್', 'ವಾಸ್', 'ವಿಲ್ ಬಿ'. 'ರಿಟನ್' ಕೂಡ ಹಾಗೆಯೇ. ಈ ಕಾಲದ ಹೆಸರುಗಳ ಬದಲು ಇಂಗ್ಲಿಷ್ ವ್ಯಾಕರಣಕಾರ ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು 1985ರ ತಮ್ಮ ದೊಡ್ಡ ವ್ಯಾಕರಣದಲ್ಲಿ 'ಐಎನ್‌ಜಿ ಪಾರ್ಟಿಸಿಪಲ್', 'ಇಡಿ ಪಾರ್ಟಿಸಿಪಲ್' ಎಂಬ ಹೆಸರುಗಳನ್ನು ಬಳಸಿದರು. ಶಾಲೆಯಲ್ಲಿ ಎರಡನೆಯದನ್ನು 'ವಿ ತ್ರೀ', ಅಂದರೆ ಕ್ರಿಯಾಪದದ ಮೂರನೆಯ ರೂಪ ಎನ್ನುತ್ತಾರೆ. ಚೆಂದದ ಹೆಸರೇನಲ್ಲ, ಆದರೆ ಕಾಲದ ಸುಳಿವು ಕೊಟ್ಟು ದಾರಿ ತಪ್ಪಿಸುವುದಿಲ್ಲ. ಇಲ್ಲಿಯೂ ಐಎನ್‌ಜಿ ರೂಪ, ವಿ ತ್ರೀ ಎಂದೇ ಕರೆಯೋಣ.

ಕಾಲ ಅಲ್ಲದಿದ್ದರೆ ವ್ಯತ್ಯಾಸ ಯಾವುದರದ್ದು? ನಾಮಪದದ ಪಕ್ಕದಲ್ಲಿ ಪಾರ್ಟಿಸಿಪಲ್ ಹಾಕುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ನಾಮಪದ ಕೆಲಸ ಮಾಡುತ್ತಿದೆಯೋ, ಕೆಲಸಕ್ಕೆ ಒಳಗಾಗಿದೆಯೋ? ಮಾಡುತ್ತಿದ್ದರೆ ಐಎನ್‌ಜಿ, ಒಳಗಾಗಿದ್ದರೆ ವಿ ತ್ರೀ. 'ಎ ಬ್ರೇಕಿಂಗ್ ವೇವ್' ಎಂದರೆ ಈಗ ಒಡೆಯುತ್ತಿರುವ ಅಲೆ. 'ಎ ಬ್ರೋಕನ್ ಕಪ್' ಎಂದರೆ ಯಾರೋ ಒಡೆದು ಹಾಕಿದ, ಈಗಾಗಲೇ ಒಡೆದುಹೋದ ಲೋಟ. ನಡೆಯುತ್ತಿದೆ–ಮುಗಿದಿದೆ ಎಂಬ ಭೇದವೂ ಇದರ ಬೆನ್ನಿಗೇ ಬರುತ್ತದೆ, ಆದರೆ ಸಕರ್ಮಕ ಕ್ರಿಯಾಪದಗಳಲ್ಲಿ ಅದು ಎರಡನೆಯ ಮಾತು. ಮೊದಲು ನೋಡಬೇಕಾದದ್ದು ಕರ್ತೃವೋ ಕರ್ಮವೋ ಎಂಬುದನ್ನು.

ನಮಗೆ ಇದು ಕಷ್ಟವಾಗುವುದಕ್ಕೆ ಕಾರಣ ನಮ್ಮ ಭಾಷೆಯಲ್ಲೇ ಇದೆ. ಕನ್ನಡದ ಕೃದಂತ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. 'ಓದಿದ ಹುಡುಗ' ಎಂದರೆ ಓದಿದವನು ಹುಡುಗ. 'ಓದಿದ ಪುಸ್ತಕ' ಎಂದರೆ ಪುಸ್ತಕ ಏನನ್ನೂ ಓದಿಲ್ಲ, ಅದನ್ನು ಯಾರೋ ಓದಿದ್ದಾರೆ. 'ನಾನು ಓದಿದ ಕೋಣೆ' ಎಂದರೆ ಓದು ನಡೆದ ಜಾಗ, 'ಓದಿದ ದಿನ' ಎಂದರೆ ಓದು ನಡೆದ ಹೊತ್ತು. ನಾಲ್ಕಕ್ಕೂ ಒಂದೇ 'ಓದಿದ'. ಯಾರು ಯಾರನ್ನು ಎಂಬುದನ್ನು ಕೇಳುವವರೇ ಅರ್ಥದಿಂದ ಹೊಂದಿಸಿಕೊಳ್ಳುತ್ತಾರೆ. ಇಂಗ್ಲಿಷಿನ ವಿ ತ್ರೀಗೆ ಈ ಸೌಕರ್ಯ ಇಲ್ಲ. ಕರ್ಮ ಬೇಡುವ ಕ್ರಿಯಾಪದದ ವಿ ತ್ರೀಯನ್ನು ನಾಮಪದಕ್ಕೆ ಅಂಟಿಸಿದರೆ ಆ ನಾಮಪದ ಕರ್ಮವೇ ಆಗಬೇಕು. 'ಅನ್‌ರೆಡ್ ಬುಕ್' ಎಂದರೆ ಓದದ ಪುಸ್ತಕ, ಸರಿ. ಆದರೆ ಓದಿದ ಹುಡುಗನನ್ನು 'ದಿ ರೆಡ್ ಬಾಯ್' ಎಂದರೆ ಆಗದು. ಕೇಳಿದವರು ಕೆಂಪು ಹುಡುಗ ಎಂದುಕೊಂಡಾರು. ಅಲ್ಲಿ 'ದಿ ಬಾಯ್ ಹೂ ರೆಡ್ ಇಟ್' ಎಂದು 'ಹೂ' ಹಾಕಿ ಬಿಡಿಸಿ ಹೇಳಲೇಬೇಕು. ಕೋಣೆಗೆ, ದಿನಕ್ಕೆ ಪಾರ್ಟಿಸಿಪಲ್ ಒದಗುವುದೇ ಇಲ್ಲ: 'ದಿ ರೂಮ್ ಐ ರೆಡ್ ಇನ್', 'ದಿ ಡೇ ಐ ರೆಡ್ ಇಟ್'. (ತುಂಬಾ ಓದಿಕೊಂಡವರನ್ನು 'ಎ ವೆಲ್-ರೆಡ್ ಪರ್ಸನ್' ಎನ್ನುವುದುಂಟು. 'ವೆಲ್-ಟ್ರಾವೆಲ್ಡ್', 'ವೆಲ್-ಸ್ಪೋಕನ್' ಕೂಡ ಹೀಗೆಯೇ ನಿಯಮ ಮೀರಿ ನಿಂತಿರುವ ನುಡಿಗಟ್ಟುಗಳು. ಇವನ್ನು ಹಾಗೆಯೇ ಕಲಿಯಬೇಕು, ಇವನ್ನು ನೋಡಿ ಹೊಸದು ಕಟ್ಟಬಾರದು.)

ಈಗ 'ಐ ಆ್ಯಮ್ ಬೋರಿಂಗ್'. 'ಬೋರ್' ಎಂಬ ಇಂಗ್ಲಿಷ್ ಕ್ರಿಯಾಪದದ ಅರ್ಥ ಬೇಸರ ಆಗು ಅಲ್ಲ, ಬೇಸರ ಮಾಡು. ಉಪನ್ಯಾಸ ನಿಮಗೆ ಬೇಸರ ಮಾಡುತ್ತದೆ. ಆದ್ದರಿಂದ ಉಪನ್ಯಾಸ 'ಬೋರಿಂಗ್'. ಆ ಬೇಸರಕ್ಕೆ ಒಳಗಾದವರು ನೀವು. ಆದ್ದರಿಂದ ನೀವು 'ಬೋರ್ಡ್'. 'ಐ ಆ್ಯಮ್ ಬೋರಿಂಗ್' ಎಂದರೆ 'ನನ್ನ ಸಹವಾಸ ಬೇರೆಯವರಿಗೆ ಬೇಸರ' ಎಂದು ನೀವೇ ಒಪ್ಪಿಕೊಂಡ ಹಾಗೆ. ವಾಕ್ಯರಚನೆಯಲ್ಲಿ ತಪ್ಪಿಲ್ಲ, ಅರ್ಥವೇ ತಿರುಗಿಬಿದ್ದಿದೆ. ಪರೀಕ್ಷೆ ತಿದ್ದುವವರಿಗೆ ಅದು ಕಾಣುತ್ತದೆ, ಕಂಪ್ಯೂಟರಿನ ವ್ಯಾಕರಣ ತಪಾಸಣೆಗೆ ಎಷ್ಟೋ ಸಲ ಕಾಣುವುದಿಲ್ಲ.

ಭಾವನೆಗೆ ಸಂಬಂಧಿಸಿದ ಹೆಚ್ಚಿನ ಜೋಡಿಗಳು ಇದೇ ಅಚ್ಚಿನವು: 'ಇಂಟ್ರೆಸ್ಟಿಂಗ್–ಇಂಟ್ರೆಸ್ಟೆಡ್', 'ಕನ್‌ಫ್ಯೂಸಿಂಗ್–ಕನ್‌ಫ್ಯೂಸ್ಡ್', 'ಟೈರಿಂಗ್–ಟೈರ್ಡ್', 'ಎಕ್ಸೈಟಿಂಗ್–ಎಕ್ಸೈಟೆಡ್', 'ಡಿಸಪಾಯಿಂಟಿಂಗ್–ಡಿಸಪಾಯಿಂಟೆಡ್', 'ಎಂಬ್ಯಾರಸಿಂಗ್–ಎಂಬ್ಯಾರಸ್ಡ್'. ಭಾವನೆ ಹುಟ್ಟಿಸುವುದಕ್ಕೆ ಐಎನ್‌ಜಿ, ಭಾವನೆ ಹುಟ್ಟಿದವರಿಗೆ ವಿ ತ್ರೀ. 'ಮನುಷ್ಯರಿಗೆ ಇಡಿ, ವಸ್ತುಗಳಿಗೆ ಐಎನ್‌ಜಿ' ಎಂದು ಕೆಲವು ಗೈಡುಗಳು ಹೇಳಿಕೊಡುವ ಸೂತ್ರ ಅರೆಬರೆ. 'ಶಿ ಈಸ್ ಆ್ಯನ್ ಇಂಟ್ರೆಸ್ಟಿಂಗ್ ಪರ್ಸನ್' ಪೂರ್ತಿ ಸರಿ. ಅವರು ನಮ್ಮಲ್ಲಿ ಕುತೂಹಲ ಹುಟ್ಟಿಸುತ್ತಾರೆ. 'ಹಿ ಹ್ಯಾಡ್ ಎ ಕನ್‌ಫ್ಯೂಸ್ಡ್ ಲುಕ್' ಕೂಡ ಸರಿ. ನೋಟ ವಸ್ತುವೇ ಆದರೂ ಗೊಂದಲಕ್ಕೆ ಒಳಗಾದವನ ನೋಟ ಅದು. ಇನ್ನೊಂದು ಸೂಕ್ಷ್ಮ: ವಿ ತ್ರೀ ಜೊತೆ ಬರುವ ಪ್ರಿಪೊಸಿಷನ್ ಒಂದೊಂದಕ್ಕೆ ಒಂದೊಂದು. 'ಇಂಟ್ರೆಸ್ಟೆಡ್ ಇನ್', 'ಬೋರ್ಡ್ ವಿತ್', 'ಟೈರ್ಡ್ ಆಫ್', 'ಎಕ್ಸೈಟೆಡ್ ಅಬೌಟ್', 'ಸರ್ಪ್ರೈಸ್ಡ್ ಆ್ಯಟ್' ಅಥವಾ 'ಬೈ'. ಇವನ್ನು ಜೋಡಿಯಾಗಿಯೇ ಬಾಯಿಪಾಠ ಮಾಡುವುದು ಲೇಸು, ತರ್ಕದಿಂದ ಸಿಗುವುದಿಲ್ಲ.

ಈ ವಿ ತ್ರೀಗಳು ಪೂರ್ತಿ ಗುಣವಾಚಕಗಳಾಗಿವೆಯೇ ಎಂದು ತಿಳಿಯಲು ಮುಂದೆ 'ವೆರಿ' ಹಾಕಿ ನೋಡಿ. 'ವೆರಿ ಟೈರ್ಡ್', 'ವೆರಿ ಕನ್‌ಫ್ಯೂಸ್ಡ್' ಸಲೀಸಾಗಿ ಕೂರುತ್ತವೆ. 'ವೆರಿ ಬಿಲ್ಟ್', 'ವೆರಿ ರಿಟನ್' ಕೂರುವುದಿಲ್ಲ. ಅವು ಇನ್ನೂ ಕ್ರಿಯೆಯ ಪಾಳಯದಲ್ಲೇ ಇವೆ.

'ದಿ ಸ್ಲೆಪ್ಟ್ ಚೈಲ್ಡ್' ತಪ್ಪಿದ್ದು ಬೇರೆ ಕಾರಣಕ್ಕೆ. ನಿದ್ರಿಸುವುದಕ್ಕೆ ಕರ್ಮ ಇಲ್ಲ, ಅದು ಅಕರ್ಮಕ. ಮಗುವನ್ನು ಯಾರೂ 'ನಿದ್ರಿಸಿಲ್ಲ'. ಹಾಗಾದರೆ ಅಕರ್ಮಕ ಕ್ರಿಯಾಪದದ ವಿ ತ್ರೀ ನಾಮಪದದ ಮುಂದೆ ಬರುವುದೇ ಇಲ್ಲವೇ? ಬರುತ್ತದೆ, ಆದರೆ ಒಂದು ಷರತ್ತಿನ ಮೇಲೆ: ಕ್ರಿಯೆ ಮುಗಿದ ಮೇಲೆ ಕರ್ತೃವಿನ ಸ್ಥಿತಿಯೇ ಬದಲಾಗಿರಬೇಕು. 'ಫಾಲನ್ ಲೀವ್ಸ್' ಎಂದರೆ ಉದುರಿ ನೆಲ ಸೇರಿದ ಎಲೆ. 'ರಿಟೈರ್ಡ್ ಟೀಚರ್', 'ಎಸ್ಕೇಪ್ಡ್ ಪ್ರಿಸನರ್', 'ಫೇಡೆಡ್ ಕಲರ್ಸ್', 'ವಿಲ್ಟೆಡ್ ಫ್ಲವರ್ಸ್' ಎಲ್ಲವೂ ಹಿಂದಿನ ಸ್ಥಿತಿಯಿಂದ ಬೇರೊಂದಕ್ಕೆ ದಾಟಿದವು. ನಿದ್ರಿಸು, ನಗು, ನಡೆ, ಅಳು, ಓಡು ಇವುಗಳಲ್ಲಿ ಅಂಥ ದಾಟುವಿಕೆ ಇಲ್ಲ. ಆದ್ದರಿಂದ 'ದಿ ಲಾಫ್ಡ್ ಗರ್ಲ್', 'ದಿ ರನ್ ಮ್ಯಾನ್' ಎಂದು ಯಾರೂ ಬರೆಯುವುದಿಲ್ಲ. 'ಬಂದ ಅತಿಥಿಗಳು' ಎನ್ನಲು 'ದಿ ಕಮ್ ಗೆಸ್ಟ್ಸ್' ಆಗದು, ಬರಿಯ 'ದಿ ಅರೈವ್ಡ್ ಗೆಸ್ಟ್ಸ್' ಕೂಡ ಕಿವಿಗೆ ಒಗ್ಗದು. ಒಂದು ಕ್ರಿಯಾವಿಶೇಷಣ ಸೇರಿಸಿ 'ದಿ ನ್ಯೂಲಿ ಅರೈವ್ಡ್ ಗೆಸ್ಟ್ಸ್' ಎಂದರೆ ಸರಿಹೋಗುತ್ತದೆ.

ಮಲಗಿದ ಮಗು ಹಾಗಾದರೆ ಏನಾಗಬೇಕು? 'ದಿ ಸ್ಲೀಪಿಂಗ್ ಚೈಲ್ಡ್'. ಇಲ್ಲಿ ಕನ್ನಡದ ಇನ್ನೊಂದು ಬಲೆ ಇದೆ, ಇದನ್ನು ಪಠ್ಯಗಳು ಸಾಮಾನ್ಯವಾಗಿ ತೋರಿಸುವುದಿಲ್ಲ. ದೇಹದ ಭಂಗಿ, ತೊಟ್ಟ ಉಡುಪು, ಹಿಡಿದ ವಸ್ತು ಇವುಗಳ ಬಗ್ಗೆ ನಾವು ಭೂತ ಕೃದಂತ ಬಳಸುತ್ತೇವೆ: ನಿಂತ, ಕುಳಿತ, ಮಲಗಿದ, ಒರಗಿದ, ಟೋಪಿ ಹಾಕಿದ, ಕೊಡೆ ಹಿಡಿದ. ನಮಗೆ ಕೂರುವ ಕ್ರಿಯೆ ಮುಗಿದಿದೆ, ಅದರ ಫಲ ಕಾಣುತ್ತಿದೆ. ಇಂಗ್ಲಿಷ್ ಆ ಭಂಗಿ ಈಗಲೂ ನಡೆಯುತ್ತಿದೆ ಎಂದು ಲೆಕ್ಕ ಹಾಕುತ್ತದೆ. ಆದ್ದರಿಂದ ಬಾಗಿಲಲ್ಲಿ ನಿಂತ ಮನುಷ್ಯ 'ದಿ ಮ್ಯಾನ್ ಸ್ಟ್ಯಾಂಡಿಂಗ್ ಆ್ಯಟ್ ದಿ ಡೋರ್', ಬೆಂಚಿನ ಮೇಲೆ ಕುಳಿತ ಹುಡುಗಿ 'ದಿ ಗರ್ಲ್ ಸಿಟಿಂಗ್ ಆನ್ ದಿ ಬೆಂಚ್', ಟೋಪಿ ಹಾಕಿದವನು 'ದಿ ಮ್ಯಾನ್ ವೇರಿಂಗ್ ಎ ಹ್ಯಾಟ್', ಕೊಡೆ ಹಿಡಿದವಳು 'ದಿ ವುಮನ್ ಹೋಲ್ಡಿಂಗ್ ಆ್ಯನ್ ಅಂಬ್ರೆಲಾ'. ಕನ್ನಡದಲ್ಲಿ 'ದ' ಪ್ರತ್ಯಯ ಕಂಡ ತಕ್ಷಣ ವಿ ತ್ರೀ ಹಾಕುವವರು ಬೀಳುವುದು ಇಲ್ಲೇ.

ಈ ಉದಾಹರಣೆಗಳಲ್ಲಿ ಪಾರ್ಟಿಸಿಪಲ್ ನಾಮಪದದ ಹಿಂದಕ್ಕೆ ಹೋದದ್ದನ್ನು ಗಮನಿಸಿ. ಕನ್ನಡದಲ್ಲಿ ವಿಶೇಷಣ ಎಷ್ಟೇ ಉದ್ದವಿರಲಿ, ನಾಮಪದಕ್ಕಿಂತ ಮೊದಲೇ ಬರುತ್ತದೆ. ಇಂಗ್ಲಿಷಿನಲ್ಲಿ ಒಂಟಿ ಪಾರ್ಟಿಸಿಪಲ್ ಸಾಮಾನ್ಯವಾಗಿ ಮುಂದೆ, ಬಾಲ ಇರುವ ಪಾರ್ಟಿಸಿಪಲ್ ಹಿಂದೆ. 'ಎ ರಿಟನ್ ರಿಪ್ಲೈ', ಆದರೆ 'ಎ ರಿಪ್ಲೈ ರಿಟನ್ ಬೈ ದಿ ಮ್ಯಾನೇಜರ್'. 'ಎ ರಿಟನ್ ಬೈ ದಿ ಮ್ಯಾನೇಜರ್ ರಿಪ್ಲೈ' ಎಂದು ಬರೆದರೆ ಅದು ಇಂಗ್ಲಿಷ್ ಪದಗಳಲ್ಲಿ ಬರೆದ ಕನ್ನಡ.

ಹೀಗೆ ನಾಮಪದದ ಹಿಂದೆ ಐಎನ್‌ಜಿ ಹಾಕುವುದಕ್ಕೂ ಮಿತಿ ಇದೆ. ಒಂದು ಸಲ ನಡೆದು ಮುಗಿದ ಘಟನೆಗೆ ಅದು ಹೊಂದುವುದಿಲ್ಲ. 'ನಿನ್ನೆ ಕಿಟಕಿ ಒಡೆದ ಹುಡುಗ ಇವತ್ತು ಸಿಕ್ಕಿಬಿದ್ದ' ಎನ್ನಲು 'ದಿ ಬಾಯ್ ಬ್ರೇಕಿಂಗ್ ದಿ ವಿಂಡೋ ಯೆಸ್ಟರ್‌ಡೇ' ಎಂದು ಬರೆಯಬಾರದು. 'ದಿ ಬಾಯ್ ಹೂ ಬ್ರೋಕ್ ದಿ ವಿಂಡೋ ಯೆಸ್ಟರ್‌ಡೇ' ಎಂದೇ ಬರೆಯಬೇಕು. ಐಎನ್‌ಜಿ ಹಾಕಿದರೆ ಆ ಕ್ರಿಯೆ ಮುಖ್ಯ ಕ್ರಿಯೆ ನಡೆಯುವ ಹೊತ್ತಿನಲ್ಲೇ ನಡೆಯುತ್ತಿರಬೇಕು, ಇಲ್ಲವೇ ಸ್ಥಿರವಾದ ಗುಣವಾಗಿರಬೇಕು.

'ಕಟ್ಟುತ್ತಿರುವ ಮನೆ' ಇನ್ನೊಂದು ಸಿಕ್ಕು. ಮನೆ ಕಟ್ಟುವುದಿಲ್ಲ, ಅದನ್ನು ಕಟ್ಟುತ್ತಾರೆ. ಹಾಗಾಗಿ 'ದಿ ಬಿಲ್ಡಿಂಗ್ ಹೌಸ್' ಆಗದು. ಕಟ್ಟಿ ಮುಗಿದಿಲ್ಲ, ಹಾಗಾಗಿ ಬರಿಯ 'ಬಿಲ್ಟ್' ಕೂಡ ಸಾಲದು. ಕ್ರಿಯೆಗೆ ಒಳಗಾಗುತ್ತಿದೆ, ಆದರೆ ಇನ್ನೂ ನಡೆಯುತ್ತಿದೆ ಎನ್ನಲು ಎರಡೂ ರೂಪ ಸೇರಬೇಕು: 'ದಿ ಹೌಸ್ ಬೀಯಿಂಗ್ ಬಿಲ್ಟ್'. ವಾಕ್ಯದಲ್ಲಾದರೆ 'ದಿ ಹೌಸ್ ಈಸ್ ಬೀಯಿಂಗ್ ಬಿಲ್ಟ್'. ಈ 'ಬೀಯಿಂಗ್' ಬಿಟ್ಟುಹೋದರೆ ಮನೆ ಕಟ್ಟಿ ಮುಗಿದಂತೆ ಕೇಳಿಸುತ್ತದೆ.

ಇನ್ನು ಪೂರ್ಣಕ್ರಿಯೆಯ ಒಳಗೆ ಪಾರ್ಟಿಸಿಪಲ್ ಬರುವ ಕಡೆ. ಇಲ್ಲಿ ಲೆಕ್ಕ ಸರಳ. 'ಬಿ' ಬಳಗದ ಹಿಂದೆ ಐಎನ್‌ಜಿ ಬಂದರೆ ಕ್ರಿಯೆ ನಡೆಯುತ್ತಿದೆ. 'ಬಿ' ಬಳಗದ ಹಿಂದೆ ವಿ ತ್ರೀ ಬಂದರೆ ಕರ್ಮಣಿ ಪ್ರಯೋಗ. 'ಹ್ಯಾವ್' ಬಳಗದ ಹಿಂದೆ ವಿ ತ್ರೀ ಬಂದರೆ ಪರ್ಫೆಕ್ಟ್. 'ಹ್ಯಾಸ್ ಬೀನ್ ರೈಟಿಂಗ್' ಎಂಬಂಥ ಉದ್ದದವೂ ಇವುಗಳ ಸರಪಣಿಯೇ: 'ಹ್ಯಾಸ್' ತನ್ನ ಹಿಂದೆ 'ಬಿ'ಯ ವಿ ತ್ರೀಯಾದ 'ಬೀನ್' ಕೇಳಿತು, ಆ 'ಬೀನ್' ತನ್ನ ಹಿಂದೆ 'ರೈಟಿಂಗ್' ಕೇಳಿತು. ಪ್ರತಿಯೊಂದು ಕೊಂಡಿ ತನ್ನ ನಂತರದ ಕೊಂಡಿಯ ರೂಪವನ್ನು ಮಾತ್ರ ನಿರ್ಧರಿಸುತ್ತದೆ. ಹಾಗೆ ಒಂದೊಂದಾಗಿ ಬಿಡಿಸಿದರೆ ಎಷ್ಟು ಉದ್ದದ ಕ್ರಿಯೆಯೂ ಹೆದರಿಸುವುದಿಲ್ಲ.

ಇಲ್ಲಿ ಪದೇ ಪದೇ ಕಾಣುವ ತಪ್ಪು ಎರಡು. ಮೊದಲನೆಯದು 'ದಿ ಆ್ಯಕ್ಸಿಡೆಂಟ್ ವಾಸ್ ಹ್ಯಾಪನ್ಡ್ ಲಾಸ್ಟ್ ನೈಟ್'. 'ವಾಸ್' ಹಿಂದೆ ವಿ ತ್ರೀ ಬಂದರೆ ಕರ್ಮಣಿ, ಆದರೆ 'ಹ್ಯಾಪನ್' ಅಕರ್ಮಕ. ಕರ್ಮವೇ ಇಲ್ಲದ ಕ್ರಿಯೆಗೆ ಕರ್ಮಣಿ ಎಲ್ಲಿಂದ ಬರಬೇಕು? 'ದಿ ಆ್ಯಕ್ಸಿಡೆಂಟ್ ಹ್ಯಾಪನ್ಡ್ ಲಾಸ್ಟ್ ನೈಟ್' ಸಾಕು. 'ವಾಸ್ ಅಕರ್ಡ್', 'ವಾಸ್ ಡೈಡ್', 'ವಾಸ್ ಅರೈವ್ಡ್' ಎಲ್ಲವೂ ಇದೇ ಜಾತಿಯ ತಪ್ಪು. ಎರಡನೆಯದು 'ಐ ಆ್ಯಮ್ ನೋಯಿಂಗ್ ಹಿಮ್', 'ದಿ ಬಾಕ್ಸ್ ಈಸ್ ಕಂಟೈನಿಂಗ್ ಬುಕ್ಸ್'. ತಿಳಿದಿರುವುದು, ಹೊಂದಿರುವುದು, ಒಳಗೊಂಡಿರುವುದು ಇವು ಸ್ಥಿತಿ, ಚಟುವಟಿಕೆ ಅಲ್ಲ. ಕಂಟಿನ್ಯುಯಸ್ ರೂಪ ಇವಕ್ಕೆ ಸಾಮಾನ್ಯವಾಗಿ ಒಗ್ಗದು. ಆದರೆ ನೋಡಿ, ಪೂರ್ಣಕ್ರಿಯೆಯಿಂದ ಹೊರಗೆ ಅದೇ ಪದ ಐಎನ್‌ಜಿ ತೊಟ್ಟು ನಿರಾಳವಾಗಿ ನಿಲ್ಲುತ್ತದೆ: 'ಎ ಬಾಕ್ಸ್ ಕಂಟೈನಿಂಗ್ ಬುಕ್ಸ್', 'ನೋಯಿಂಗ್ ದಿ ಆನ್ಸರ್, ಶಿ ಕೆಪ್ಟ್ ಕ್ವಯಟ್'. 'ಕಂಟಿನ್ಯುಯಸ್ ಆಗದ ಕ್ರಿಯಾಪದಕ್ಕೆ ಐಎನ್‌ಜಿಯೇ ಇಲ್ಲ' ಎಂದು ತಿಳಿದು ಇಂಥ ಸರಿಯಾದ ವಾಕ್ಯಗಳನ್ನೂ ತಪ್ಪೆಂದು ಹೊಡೆದುಹಾಕಬೇಡಿ.

'ಹ್ಯಾವ್' ಜೊತೆಗೆ ಇನ್ನೊಂದು ಉಪಯೋಗವಿದೆ, ದಿನದ ಮಾತಿಗೆ ಬೇಕಾದದ್ದು. 'ಐ ಕಟ್ ಮೈ ಹೇರ್' ಎಂದರೆ ಕತ್ತರಿ ನಿಮ್ಮ ಕೈಯಲ್ಲೇ ಇತ್ತು. ಬೇರೆಯವರಿಂದ ಮಾಡಿಸಿಕೊಂಡಿದ್ದರೆ 'ಐ ಹ್ಯಾಡ್ ಮೈ ಹೇರ್ ಕಟ್'. 'ಐ ಗಾಟ್ ಮೈ ಫೋನ್ ರಿಪೇರ್ಡ್' ಕೂಡ ಹೀಗೆಯೇ. ವಸ್ತು ಮೊದಲು, ವಿ ತ್ರೀ ಕೊನೆಗೆ. ಈ ಕ್ರಮ ತಪ್ಪಿ 'ಐ ಹ್ಯಾಡ್ ಕಟ್ ಮೈ ಹೇರ್' ಆದರೆ ಮತ್ತೆ ನೀವೇ ಕತ್ತರಿಸಿಕೊಂಡಂತೆ.

ವಿ ತ್ರೀ ರೂಪಗಳನ್ನು ಕಲಿಯುವ ಬಗ್ಗೆ ಒಂದು ಮಾತು. ಅಕ್ಷರಮಾಲೆಯ ಕ್ರಮದ ಪಟ್ಟಿಯನ್ನು ಉರು ಹೊಡೆಯುವುದು ದಂಡ. ಧ್ವನಿಯ ಗುಂಪಿನಲ್ಲಿ ಕಲಿತರೆ ನಾಲಿಗೆಗೇ ನೆನಪಿರುತ್ತದೆ. ಮೂರೂ ಒಂದೇ ಆಗಿರುವವು: 'ಕಟ್', 'ಪುಟ್', 'ಹಿಟ್', 'ಶಟ್', 'ಹರ್ಟ್', 'ಕಾಸ್ಟ್'. ಎರಡನೆಯದೂ ಮೂರನೆಯದೂ ಒಂದೇ: 'ಬ್ರಿಂಗ್–ಬ್ರಾಟ್–ಬ್ರಾಟ್', 'ಟೀಚ್–ಟಾಟ್–ಟಾಟ್', 'ಬಿಲ್ಡ್–ಬಿಲ್ಟ್–ಬಿಲ್ಟ್'. ಮೊದಲನೆಯದೂ ಮೂರನೆಯದೂ ಒಂದೇ: 'ಕಮ್–ಕೇಮ್–ಕಮ್', 'ರನ್–ರ‍್ಯಾನ್–ರನ್', 'ಬಿಕಮ್–ಬಿಕೇಮ್–ಬಿಕಮ್'. ಒಳಗಿನ ಸ್ವರ ಮೂರರಲ್ಲೂ ಬೇರೆಯಾಗುವವು: 'ಸಿಂಗ್–ಸ್ಯಾಂಗ್–ಸಂಗ್', 'ಡ್ರಿಂಕ್–ಡ್ರ್ಯಾಂಕ್–ಡ್ರಂಕ್', 'ಬಿಗಿನ್–ಬಿಗ್ಯಾನ್–ಬಿಗನ್'. ಕೊನೆಯಲ್ಲಿ 'ನ್' ಬರುವವು: 'ರೈಟ್–ರೋಟ್–ರಿಟನ್', 'ಟೇಕ್–ಟುಕ್–ಟೇಕನ್', 'ಸ್ಪೀಕ್–ಸ್ಪೋಕ್–ಸ್ಪೋಕನ್'. ತಪ್ಪು ಹೆಚ್ಚಾಗಿ ಆಗುವುದು ಎರಡನೆಯದೂ ಮೂರನೆಯದೂ ಬೇರೆಯಾಗಿರುವ ಗುಂಪುಗಳಲ್ಲಿ. 'ಐ ಹ್ಯಾವ್ ವೆಂಟ್', 'ಶಿ ಹ್ಯಾಸ್ ಕೇಮ್', 'ಇಟ್ ವಾಸ್ ರೋಟ್' ಎಂಬ ತಪ್ಪುಗಳೆಲ್ಲ ಸಹಾಯಕ ಕ್ರಿಯಾಪದದ ಹಿಂದೆ ಎರಡನೆಯ ರೂಪ ನುಗ್ಗಿದ್ದರಿಂದ ಆದವು. ಎರಡನೆಯ ರೂಪ ಒಂಟಿ, ಅದರ ಮುಂದೆ ಸಹಾಯಕ ಕ್ರಿಯಾಪದ ಬರಲೇಬಾರದು.

ಒಂದನ್ನೊಂದು ಹೋಲುವ ಜೋಡಿಗಳ ಬಗ್ಗೆಯೂ ಎಚ್ಚರ ಬೇಕು. ಮಲಗುವುದು 'ಲೈ–ಲೇ–ಲೇನ್', ಇಡುವುದು 'ಲೇ–ಲೇಡ್–ಲೇಡ್', ಸುಳ್ಳು ಹೇಳುವುದು 'ಲೈ–ಲೈಡ್–ಲೈಡ್'. ಹುಡುಕಿ ಕಂಡುಕೊಳ್ಳುವುದು 'ಫೈಂಡ್–ಫೌಂಡ್–ಫೌಂಡ್', ಸಂಸ್ಥೆ ಸ್ಥಾಪಿಸುವುದು 'ಫೌಂಡ್–ಫೌಂಡೆಡ್–ಫೌಂಡೆಡ್'. ಚಿತ್ರ ಗೋಡೆಗೆ 'ಹಂಗ್', ಗಲ್ಲಿಗೇರಿದ ಮನುಷ್ಯ 'ಹ್ಯಾಂಗ್ಡ್'. 'ಗೆಟ್'ಗೆ ಬ್ರಿಟಿಷರು 'ಗಾಟ್' ಎಂದರೆ ಅಮೆರಿಕನ್ನರು 'ಪಡೆದ' ಅರ್ಥದಲ್ಲಿ 'ಗಾಟನ್' ಎನ್ನುತ್ತಾರೆ. ಎರಡೂ ಸರಿ, ಒಂದೇ ಬರಹದಲ್ಲಿ ಬೆರೆಸದಿದ್ದರಾಯಿತು.

ಐಎನ್‌ಜಿ ಕೊನೆಯಿರುವುದೆಲ್ಲ ಪಾರ್ಟಿಸಿಪಲ್ ಅಲ್ಲ. 'ಸ್ವಿಮಿಂಗ್ ಈಸ್ ಗುಡ್ ಎಕ್ಸರ್ಸೈಸ್' ಎಂಬಲ್ಲಿ 'ಸ್ವಿಮಿಂಗ್' ಎಂದರೆ ಈಜುವುದು ಎಂಬ ನಾಮಪದ, ಅದನ್ನು ಜೆರಂಡ್ ಎನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಪ್ರತ್ಯಯಗಳಿದ್ದವು: ಪಾರ್ಟಿಸಿಪಲ್‌ಗೆ 'ಎಂಡೆ', ಭಾವನಾಮಕ್ಕೆ 'ಉಂಗ್' ಅಥವಾ 'ಇಂಗ್'. ಮಧ್ಯಕಾಲದಲ್ಲಿ ಎರಡೂ 'ಇಂಗ್' ಆಗಿ ಬೆರೆತುಹೋದವು. ಬೇರೆ ಮಾಡಲು ಕನ್ನಡ ಒಳ್ಳೆಯ ಒರೆಗಲ್ಲು. 'ಉವುದು' ಬಂದರೆ ಜೆರಂಡ್, 'ಉತ್ತಿರುವ' ಬಂದರೆ ಪಾರ್ಟಿಸಿಪಲ್. 'ಸ್ಲೀಪಿಂಗ್ ಚೈಲ್ಡ್' ನಿದ್ರಿಸುತ್ತಿರುವ ಮಗು. 'ಸ್ಲೀಪಿಂಗ್ ಬ್ಯಾಗ್' ನಿದ್ರಿಸುತ್ತಿರುವ ಚೀಲ ಅಲ್ಲ, ನಿದ್ರಿಸುವುದಕ್ಕೆ ಬಳಸುವ ಚೀಲ. 'ವಾಕಿಂಗ್ ಸ್ಟಿಕ್', 'ವೇಟಿಂಗ್ ರೂಮ್', 'ವಾಷಿಂಗ್ ಮಷಿನ್' ಎಲ್ಲ ಎರಡನೆಯ ಜಾತಿ. ಉಚ್ಚಾರದಲ್ಲೂ ಭೇದವಿದೆ: ಜೆರಂಡ್ ಜೋಡಿಯಲ್ಲಿ ಒತ್ತು ಮೊದಲ ಪದದ ಮೇಲೆ ಬೀಳುತ್ತದೆ, ಪಾರ್ಟಿಸಿಪಲ್ ಇದ್ದರೆ ನಾಮಪದಕ್ಕೂ ಒತ್ತು ಸಿಗುತ್ತದೆ.

ಬರವಣಿಗೆಯಲ್ಲಿ ಅತಿ ಹೆಚ್ಚು ಕೆಡುವುದು ವಾಕ್ಯದ ಆರಂಭಕ್ಕೆ ಪಾರ್ಟಿಸಿಪಲ್ ಇಟ್ಟಾಗ. ಕನ್ನಡದಲ್ಲಿ 'ಮಳೆ ಬಂದು ಬೆಳೆ ಹಾಳಾಯಿತು' ಎನ್ನುತ್ತೇವೆ. ಬಂದದ್ದು ಮಳೆ, ಹಾಳಾದದ್ದು ಬೆಳೆ, ಕರ್ತೃಗಳು ಎರಡು, ಯಾರಿಗೂ ತೊಂದರೆ ಇಲ್ಲ. ಇಂಗ್ಲಿಷ್ ಇದನ್ನು ಸಹಿಸುವುದಿಲ್ಲ. ಅಲ್ಪವಿರಾಮದ ಮುಂಚಿನ ಪಾರ್ಟಿಸಿಪಲ್‌ಗೆ ಪ್ರತ್ಯೇಕ ಕರ್ತೃ ಕೊಡದಿದ್ದರೆ, ಅಲ್ಪವಿರಾಮದ ನಂತರ ಬರುವ ಕರ್ತೃವೇ ಅದಕ್ಕೂ ಕರ್ತೃ. 'ವಾಕಿಂಗ್ ಹೋಮ್, ಎ ಡಾಗ್ ಬಿಟ್ ಹಿಮ್' ಎಂದರೆ ಮನೆಗೆ ನಡೆದು ಹೋಗುತ್ತಿದ್ದದ್ದು ನಾಯಿ. ತಿದ್ದಲು ಎರಡು ದಾರಿ. ಕರ್ತೃವನ್ನು ಸರಿಪಡಿಸಿ: 'ವಾಕಿಂಗ್ ಹೋಮ್, ಹಿ ವಾಸ್ ಬಿಟನ್ ಬೈ ಎ ಡಾಗ್'. ಇಲ್ಲವೇ ಪಾರ್ಟಿಸಿಪಲ್ ಬಿಚ್ಚಿ ಪೂರ್ಣ ಉಪವಾಕ್ಯ ಮಾಡಿ: 'ವೈಲ್ ಹಿ ವಾಸ್ ವಾಕಿಂಗ್ ಹೋಮ್, ಎ ಡಾಗ್ ಬಿಟ್ ಹಿಮ್'. ಎರಡನೆಯದೇ ಹೆಚ್ಚು ಸಹಜ. ಕರ್ಮಣಿಗೆ ಎಳೆದುಕೊಂಡು ಹೋಗಿ ವಾಕ್ಯವನ್ನು ಹಿಂಡುವ ಅಗತ್ಯವಿಲ್ಲ.

ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವ ವಾಕ್ಯವೊಂದಿದೆ: 'ಬೀಯಿಂಗ್ ಎ ಹಾಟ್ ಡೇ, ಐ ಸ್ಟೇಡ್ ಇನ್‌ಡೋರ್ಸ್'. ಇದರ ಪ್ರಕಾರ ಸೆಕೆಯ ದಿನ ಆಗಿರುವುದು 'ಐ', ಅಂದರೆ ನಾನು. ಪಾರ್ಟಿಸಿಪಲ್‌ಗೆ ತನ್ನದೇ ಕರ್ತೃ ಕೊಟ್ಟರೆ ಸರಿ: 'ಇಟ್ ಬೀಯಿಂಗ್ ಎ ಹಾಟ್ ಡೇ, ಐ ಸ್ಟೇಡ್ ಇನ್‌ಡೋರ್ಸ್'. ವ್ಯಾಕರಣದ ಪ್ರಕಾರ ನಿರ್ದುಷ್ಟ, ಆದರೆ ಇವತ್ತು ಯಾರೂ ಹೀಗೆ ಮಾತಾಡುವುದಿಲ್ಲ. ಸ್ವಂತ ಬರವಣಿಗೆಯಲ್ಲಿ 'ಆ್ಯಸ್ ಇಟ್ ವಾಸ್ ಎ ಹಾಟ್ ಡೇ' ಎಂದು ಬರೆಯುವುದೇ ವಾಸಿ. ಇನ್ನು 'ಕನ್ಸಿಡರಿಂಗ್', 'ರಿಗಾರ್ಡಿಂಗ್', 'ಗಿವನ್', 'ಪ್ರೊವೈಡೆಡ್', 'ಜನರಲಿ ಸ್ಪೀಕಿಂಗ್' ಮುಂತಾದವಕ್ಕೆ ಕರ್ತೃ ಹೊಂದದಿದ್ದರೂ ದೋಷವಿಲ್ಲ. ಅವು ಪಾರ್ಟಿಸಿಪಲ್ ಕೆಲಸ ಬಿಟ್ಟು ಸ್ಥಿರ ನುಡಿಗಳಾಗಿ ನೆಲೆಸಿವೆ.

'ಮಾಡಿ', 'ಓದಿ', 'ಮುಗಿಸಿ' ಎಂಬ ನಮ್ಮ ಕೃದವ್ಯಯಗಳಿಗೆ ಕಣ್ಣು ಮುಚ್ಚಿ ಐಎನ್‌ಜಿ ಹಾಕುವುದೂ ಅಪಾಯ. ಎರಡು ಕ್ರಿಯೆ ಚಿಟಿಕೆ ಹೊಡೆದಷ್ಟರಲ್ಲಿ ಒಂದರ ಹಿಂದೊಂದು ನಡೆದರೆ ಐಎನ್‌ಜಿ ಸಾಕು: 'ಓಪನಿಂಗ್ ದಿ ಡೋರ್, ಹಿ ವಾಕ್ಡ್ ಇನ್'. ಮೊದಲನೆಯದು ಹೊತ್ತು ಹಿಡಿದು ಪೂರ್ತಿ ಮುಗಿದ ಮೇಲೆ ಎರಡನೆಯದು ನಡೆದಿದ್ದರೆ 'ಹ್ಯಾವಿಂಗ್' ಜೊತೆ ವಿ ತ್ರೀ ಬೇಕು: 'ಹ್ಯಾವಿಂಗ್ ರೆಡ್ ದಿ ರಿಪೋರ್ಟ್, ಶಿ ಕಾಲ್ಡ್ ದಿ ಮ್ಯಾನೇಜರ್'. ಇಲ್ಲಿ 'ರೀಡಿಂಗ್ ದಿ ರಿಪೋರ್ಟ್' ಎಂದರೆ ಓದುತ್ತಾ ಓದುತ್ತಾ ಫೋನ್ ಮಾಡಿದಂತಾಗುತ್ತದೆ. 'ಮಾಡದೆ' ಎನ್ನುವ ಕಡೆ 'ನಾಟ್' ಪಾರ್ಟಿಸಿಪಲ್‌ಗಿಂತ ಮೊದಲು ಬರುತ್ತದೆ: 'ನಾಟ್ ನೋಯಿಂಗ್ ದಿ ವೇ', 'ನಾಟ್ ಹ್ಯಾವಿಂಗ್ ಸೀನ್ ದಿ ಲೆಟರ್'.

ಕಾಗುಣಿತದ ವಿಷಯ ಬೇಗ ಮುಗಿಸಬಹುದು. ಕೊನೆಯ ಮೂಕ 'ಇ' ಐಎನ್‌ಜಿ ಮುಂದೆ ಬಿದ್ದುಹೋಗುತ್ತದೆ, 'ಮೇಕ್'ನಿಂದ 'ಮೇಕಿಂಗ್' ಆಗುವಂತೆ. 'ಡೈ', 'ಲೈ', 'ಟೈ' ಪದಗಳ ಕೊನೆಯ 'ಐ, ಇ' ಎರಡೂ ಹೋಗಿ 'ವೈ' ಬರುತ್ತದೆ. ಬಣ್ಣ ಹಾಕುವ 'ಡೈಯಿಂಗ್' ಮಾತ್ರ ತನ್ನ 'ಇ'ಯನ್ನು ಉಳಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಬಣ್ಣ ಹಾಕುವವರು ಸಾಯುತ್ತಿರುವವರಾಗುತ್ತಾರೆ. ಒತ್ತು ಬಿದ್ದ ಹ್ರಸ್ವ ಸ್ವರದ ನಂತರದ ಒಂಟಿ ವ್ಯಂಜನ ಎರಡಾಗುತ್ತದೆ: 'ರನ್ನಿಂಗ್', 'ಬಿಗಿನಿಂಗ್' ಎರಡರಲ್ಲೂ 'ಎನ್' ಎರಡು. 'ಓಪನಿಂಗ್'ನಲ್ಲಿ ಒತ್ತು ಮೊದಲ ಉಚ್ಚಾರಾಂಶದ ಮೇಲಿದೆ, ಅಲ್ಲಿ 'ಎನ್' ಒಂದೇ. 'ಟ್ರಾವೆಲಿಂಗ್' ಬ್ರಿಟಿಷ್ ಬರಹದಲ್ಲಿ ಎರಡು 'ಎಲ್', ಅಮೆರಿಕನ್ ಬರಹದಲ್ಲಿ ಒಂದು. 'ರೈಟಿಂಗ್'ಗೆ ಒಂದು 'ಟಿ', 'ರಿಟನ್'ಗೆ ಎರಡು. ಇದನ್ನು ತಿರುವುಮುರುವು ಮಾಡುವವರು ಬಹಳ. 'ಪ್ಯಾನಿಕ್' ನಡುವೆ ಒಂದು 'ಕೆ' ಸೇರಿಸಿಕೊಂಡು 'ಪ್ಯಾನಿಕಿಂಗ್' ಆಗುತ್ತದೆ.

ಉಚ್ಚಾರ ಕನ್ನಡಿಗರಿಗೆ ಹೆಚ್ಚು ತೊಡಕು. 'ಇಡಿ' ಎಂದು ಬರೆದಿದ್ದರೆ ಎಲ್ಲ ಕಡೆ 'ಎಡ್' ಎಂದು ಓದಿ 'ವಾಕೆಡ್', 'ಪ್ಲೇಯೆಡ್' ಎನ್ನುವ ರೂಢಿ ಇದೆ. 'ಎಡ್' ಎಂದು ಬಿಡಿಸಿ ಹೇಳುವುದು ಮೂಲ ಪದ 'ಟ್' ಅಥವಾ 'ಡ್' ಧ್ವನಿಯಲ್ಲಿ ಮುಗಿದಾಗ ಮಾತ್ರ: 'ವಾಂಟೆಡ್', 'ನೀಡೆಡ್'. ಕ್, ಪ್, ಫ್, ಸ್, ಶ್, ಚ್ ಮುಂತಾದ ಉಸಿರಿನ ಧ್ವನಿಗಳ ನಂತರ ಅದು 'ಟ್': 'ವಾಕ್ಟ್', 'ಸ್ಟಾಪ್ಟ್', 'ವಾಶ್ಟ್'. ಉಳಿದೆಡೆ ಬರಿಯ 'ಡ್': 'ಪ್ಲೇಡ್', 'ಓಪನ್ಡ್', 'ಕಾಲ್ಡ್'. (ಮೇಲೆ 'ವಾಕ್ಡ್' ಎಂದು ಬರೆದದ್ದು ಕನ್ನಡದ ರೂಢಿಯ ಬರಹ, ಬಾಯಲ್ಲಿ 'ಟ್' ಎನ್ನಿ.) ಕೆಲವು ಹಳೆಯ ಗುಣವಾಚಕಗಳು ಮಾತ್ರ ಈ ನಿಯಮಕ್ಕೆ ಸೊಪ್ಪು ಹಾಕುವುದಿಲ್ಲ. ವಿದ್ವಾಂಸ ಎಂಬ ಅರ್ಥದ 'ಲರ್ನೆಡ್' ಎರಡು ಉಚ್ಚಾರಾಂಶ, ಕಲಿತ ಎಂಬ ಕ್ರಿಯೆಯ 'ಲರ್ನ್ಡ್' ಒಂದೇ. ಮುದುಕ 'ಆ್ಯನ್ ಏಜೆಡ್ ಮ್ಯಾನ್', ಆದರೆ ಅರವತ್ತು ವಯಸ್ಸಿನವನು 'ಏಜ್ಡ್ ಸಿಕ್ಸ್ಟಿ'.